ಹಟ್ಟಿಯ ಬಾಗಿಲಲ್ಲಿ ಬೂಟುಗಳು

ಕಳ್ಳಂಬೆಳ್ಳದ ಆಚೆ, ಒಂದು ಗೊಲ್ಲರಹಟ್ಟಿಯ ಮುಂದೆ ಕುಡಿಯುವ ನೀರಿಗೆಂದು ಕಾರು ನಿಲ್ಲಿಸಿದೆ. ಅಂದು ವಿಧಾನಸಭೆಗೆ ಮತದಾನ. ಮುಳ್ಳುಬೇಲಿಯ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಅದರಲ್ಲಿ ಪೊಲೀಸರ ಬೂಟುಗಳೂ ಇದ್ದವು! ಹಟ್ಟಿಯೊಳಗೆ ದೇವರಿರುವುದರಿಂದ ಯಾರೂ ಮೆಟ್ಟು ಹಾಕಿಕೊಂಡು ಹೋಗುವಂತಿಲ್ಲವಂತೆ. ಮತಗಟ್ಟೆ ಒಳಗಿನ ಶಾಲೆಯಲ್ಲಿತ್ತು.

ಚಿತ್ತಮ್ಮ ಎಂಬ ಅಜ್ಜಿ ನೀರು ಕೊಟ್ಟು, ಬೆರಳಿನ ಶಾಯಿ ತೋರಿಸಿದರು.

"ಮೊದ್ಲು ನಮ್ದು ಕಳ್ಳಂಬೆಳ್ಳ ಕ್ಷೇತ್ರ. ಆಮೇಲೆ ಅದನ್ನೇ ತೆಗ್ದು ಸಿರಾಕ್ಕೆ ಸೇರ್ಸುದ್ರು. ಕ್ಷೇತ್ರ ಬದ್ಲಾದ್ರೂ ನಮ್ ನಡಿಗೆ ತಪ್ಲಿಲ್ಲ ಕಣಪ್ಪ. ಕೆರೆ ಸುತ್ಕಂಡು ದೊಡ್ಡೂರಿಗೆ ಹೋಗ್ಬೇಕಿತ್ತು. ಅಲ್ಲಿ ಊರೋರದ್ದೆಲ್ಲ ಮುಗಿಯೋಗಂಟ ನಮ್ಮನ್ನ ಬಿಸ್ಲಲ್ಲಿ ನಿಲ್ಸೋರು. ಹೋದ್ಸಲ ಹೆಂಗಸ್ರೆಲ್ಲ ಹಟ ಹಿಡ್ದು ಓಟೇ ಹಾಕ್ಲಿಲ್ಲ. ಈಗ ನೋಡು, ಬೂತು ಹಟ್ಟಿಗೇ ಬಂದ್ಬುಡ್ತು. ಮೊದಲ್ನೇ ಓಟು ನಂದೇ!"

ಅಷ್ಟರಲ್ಲಿ ಅಭ್ಯರ್ಥಿಯೊಬ್ಬರ ಬಿಳಿ ಕಾರು ಬಂತು. ಮತಗಟ್ಟೆ ನೋಡಲು ಬಂದ ಆ ದೊಡ್ಡ ಮನುಷ್ಯರೂ ಬಾಗಿಲಲ್ಲಿ ಬಗ್ಗಿ ಬೂಟು ಬಿಚ್ಚಿದರು. ಕಾದ ಮರಳಿಗೆ ಕಾಲಿಟ್ಟವರೇ ಕುಣಿಯತೊಡಗಿದರು. ಜಗಲಿಗಳ ಮೇಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಚಿತ್ತಮ್ಮ ಮಾತ್ರ ಗಂಭೀರವಾಗಿ ಕೈಯೆತ್ತಿ ಕೂಗಿದರು: "ಮೆತ್ಗೆ ಬಾರಪ್ಪಾ. ಓಟಿಗೆ ಅಂತ ಬಿಸ್ಲಲ್ಲಿ ನಡೆಯೋದು ನಮ್ಗೆ ರೂಢಿ, ನಿಂಗೆ ಹೊಸ್ದು!"