ಹಂಪಯ್ಯನ ಮೂಗು

ಹೈದರಾಬಾದಿನ ದೊಡ್ಡ ಹೋಟೆಲಿನಲ್ಲಿ ವೈನ್ ರುಚಿ ನೋಡಿ ಹೇಳುವ ಹಂಪಯ್ಯನ ಮೂಗೆಂದರೆ, ಊರಿನ ಈ ತುದಿಯ ತಾರ್ನಾಕದಲ್ಲಿ ಕೂತೇ ಆ ತುದಿಯ ಪಟಾನ್‌ಚೆರುವಿನ ಸಾರಿಗೆ ಇಂಗು ಕಡಿಮೆಯಾಯಿತೆಂದು ಹೇಳುವ ಮೂಗು. ಗ್ಲಾಸು ತಿರುಗಿಸಿ, ಕಣ್ಣು ಮುಚ್ಚಿ, “ಒಣ ಅಂಜೂರ ಐತ್ರಿ” ಅಂದರೆ ಸಾಕು, ಗಿರಾಕಿಗಳಿಗೆಲ್ಲ ಅಂಜೂರದ್ದೇ ವಾಸನೆ. ಹೋದ ವರ್ಷ ಜ್ವರ ಬಂದು ಆ ಮೂಗು ಸತ್ತದ್ದು ಹೆಂಡತಿಗೆ ಮಾತ್ರ ಗೊತ್ತು. ಹೊರಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ಹಳೆಯ ನೆನಪಿನ ಮೇಲೆಯೇ ದಿನ ತಳ್ಳುತ್ತಾನೆ. ಇಂದು ಮೂವತ್ತು ವರ್ಷ ಮಾಗಿದ ಫ್ರಾನ್ಸಿನ ಬೋರ್ಡೊ ಕೆಂಪು ವೈನ್ ಮೂಸಿದಾಗ ಮಾತ್ರ, ನೆಲದಡಿ ಜೋಳ ತುಂಬಿಟ್ಟ ಹಗೇವು ತೆರೆದ ಘಮ ಗಪ್ಪನೆ ಹೊಡೆಯಿತು. ಮೂಗು ಬದುಕಿತೋ, ನೆನಪೇ ಆಟ ಹೂಡಿತೋ ತಿಳಿಯದೆ ಗ್ಲಾಸನ್ನು ಎದುರಿಗಿದ್ದ ಗಿರಾಕಿಯತ್ತ ಸರಿಸಿದ. “ಸಾಹುಕಾರ್ರ, ಮೊದಲ ನೀವು ಹೇಳ್ರಿ, ಏನ್ ವಾಸನಿ ಬರಾಕತ್ತೈತಿ?” ಎಂದು ತೊಗರಿ ವ್ಯಾಪಾರಿ ಅಮರೇಶಪ್ಪನವರನ್ನು ಅಂಗಲಾಚಿದ. ಅವರು ಗ್ಲಾಸಿನೊಳಗೆ ಮೂಗಿಟ್ಟು ಭಕ್ತಿಯಿಂದ ತಲೆದೂಗಿದರು: “ನೀವು ಏನ್ ಹೇಳ್ತೀರಿ, ಅದಾ ಬರಾಕತ್ತೈತ್ರಿ!”