ಹನ್ನೊಂದು ಜನರಿಗೆ ಒಂದೇ ಕೇಸ್ ಪೇಪರು

ನವಿ ಮುಂಬಯಿಯ ತುರ್ಭೆಯ ಒಂದು ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಬೆಳಿಗ್ಗೆ ಒಬ್ಬ ಡಾಕ್ಟರು, ಸಂಜೆ ಇನ್ನೊಬ್ಬರು. ರೋಗಿಗೆ ಹಿಂದೆ ಏನಾಗಿತ್ತೆಂದು ಇಬ್ಬರಿಗೂ ತಿಳಿಯುವುದು ನಾನು ಮುಂದಿಡುವ ಕೇಸ್ ಪೇಪರಿನಿಂದ.

ಎದುರಿನ ಗೋದಾಮಿನ ಹಮಾಲರು ಗುಂಪಾಗಿ ಬರುತ್ತಿದ್ದರು. ಕಲಬುರಗಿ ಕಡೆಯ ಹನ್ನೊಂದು ಜನ, ಅವರಲ್ಲೇ ಒಬ್ಬ ಮುಕಾದಮ, ಗುಂಪಿನ ಮೇಸ್ತ್ರಿ. ಲಾರಿ ಕಾಯುತ್ತಿದೆ ಎಂದು ಯಾವಾಗಲೂ ಅವಸರ. ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರೆ ಎಲ್ಲರ ಪರವಾಗಿ ಮುಕಾದಮನೇ "ದೋ-ಚಾರ್ ದಿನ್" ಎಂದುಬಿಡುತ್ತಿದ್ದ. ಒಬ್ಬೊಬ್ಬರ ಕಾಗದ ಹುಡುಕುವುದು ತಪ್ಪಲೆಂದು ನಾನೇ ಒಂದು ದಾರಿ ಮಾಡಿದ್ದೆ: ಮುಕಾದಮನ ಹೆಸರಿನಲ್ಲಿ ಒಂದು ಪೇಪರು, ಯಾರು ಬಂದರೂ ಅದರಲ್ಲೇ. ಸಾಲು ಬೇಗ ಕರಗುತ್ತಿತ್ತು.

ಲಾರಿ ಹಿಂದಕ್ಕೆ ಬರುವಾಗ ಕೂಗಿ ದಾರಿ ಹೇಳುವವನೊಬ್ಬ ಆ ಗುಂಪಿನಲ್ಲಿದ್ದ. ಒಂದು ಸಂಜೆ ಅವನು ನನ್ನ ಮುಂದೆ ನಿಂತು ಮಾತಾಡದೆ ಗಂಟಲು ಮುಟ್ಟಿ ತೋರಿಸಿದ. ಜೊತೆಯವನು ನಕ್ಕ.

"ಅಕ್ಕಾರ, ಇವನ ಹೆಂಡ್ತಿ ಭಾಳ ಖುಷಿ ಅದಾಳ್ರಿ. ಎರಡ ತಿಂಗಳಾತು, ಮನ್ಯಾಗ ಬೈಗಳ ಇಲ್ಲ!"

ಅವನೂ ನಕ್ಕ. ಸದ್ದು ಬರಲಿಲ್ಲ.

"ಎರಡು ತಿಂಗಳಾ? ಮೊದಲೇ ಬರ್ಲಿಕ್ಕೆ ಎಂತ ಆಗಿತ್ತು ಮಾರಾಯ?" ಎಂದೆ.

ಅವನು ಮೂರು ಬೆರಳೆತ್ತಿದ. ಮೂರು ಸಲ ಬಂದಿದ್ದ.

ಪೇಪರು ನೋಡಿದೆ. ಜ್ವರ, ಸೊಂಟನೋವು, ಹೊಟ್ಟೆನೋವುಗಳ ನಡುವೆ ಗಂಟಲಿನ ತೊಂದರೆ ಮೂರು ಸಲ ಇತ್ತು. ಎರಡು ಬೆಳಿಗ್ಗೆ, ಒಂದು ಸಂಜೆ. ದನಿ ಮೂರು ವಾರ ಸರಿಯಾಗದಿದ್ದರೆ ಗಂಟಲಿನ ತಜ್ಞರಿಗೆ ಕಳಿಸುವುದು ನಮ್ಮ ಇಬ್ಬರು ಡಾಕ್ಟರೂ ತಪ್ಪಿಸದ ಕ್ರಮ. ಆದರೆ ಯಾವ ಕಾಯಿಲೆ ಯಾರದೆಂದು ಬರೆಯದ ಆ ಪೇಪರಿನಲ್ಲಿ ಅವನು ಒಬ್ಬನಾಗಿ ಇರಲೇ ಇಲ್ಲ.

ಪೇಪರನ್ನು ಒಳಗೆ ಕೊಂಡುಹೋದೆ. ಮೂವರು ಬೇರೆ ಬೇರೆ ಜನ ಎಂದುಕೊಂಡಿದ್ದೆವು ಎಂದರು ಡಾಕ್ಟರು. ಬೈಯಲಿಲ್ಲ. ದೊಡ್ಡಾಸ್ಪತ್ರೆಗೆ ಆಗಲೇ ಪತ್ರ ಬರೆದು, ನಾಳೆಯೇ ಹೋಗಬೇಕು ಎಂದರು.

ಧ್ವನಿಪೆಟ್ಟಿಗೆಯಲ್ಲಿ ಗಂಟಿತ್ತು. ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ನಾನು ಆ ಪೇಪರನ್ನು ದಿನವೂ ತೆಗೆದು ನೋಡುತ್ತಿದ್ದೆ. ಕ್ಯಾನ್ಸರ್ ಅಲ್ಲ ಎಂದು ಬಂದ ದಿನ ಡಾಕ್ಟರೇ ಹೊರಗೆ ಬಂದು ನನಗೆ ಹೇಳಿದರು.

ಈಗ ಹನ್ನೊಂದು ಪೇಪರುಗಳಿವೆ. "ಒಬ್ಬೊಬ್ಬರ ಹೆಸರ ಕರಿಯಾಕ ಇದೇನ ಕೋರ್ಟ್ ಏನ್ರಿ ಅಕ್ಕಾರ?" ಎಂದು ಮುಕಾದಮ ಗೊಣಗುತ್ತಾನೆ. ನಾನು ನಿಧಾನವಾಗಿಯೇ ಹುಡುಕುತ್ತೇನೆ. ಕೂಗಬಾರದೆಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ, ದನಿ ಹೋಗಿದ್ದವನು ಈಗ ಲಾರಿಗೆ ಸೀಟಿ ಊದುತ್ತಾನೆ. ಮೊನ್ನೆ ಜ್ವರವೆಂದು ಬಂದಿದ್ದ. ಎಷ್ಟು ದಿನ ಎಂದು ಕೇಳಿದೆ. ಮುಕಾದಮ ಬಾಯಿ ತೆರೆಯುವಷ್ಟರಲ್ಲಿ ಅವನು ತಡೆದ.

"ನೀವು ಸುಮ್ನಿರ್ರಿ, ನಾನ ಹೇಳ್ತೀನಿ."

ದನಿ ಸ್ವಲ್ಪ ಒರಟಾಗಿತ್ತು. ಸ್ಪಷ್ಟವಾಗಿ ಕೇಳಿಸಿತು.