ದನದ ಡಾಕ್ಟರು ಮತ್ತು ಅಮ್ಮನ ಗಂಟಲು

ಅವರ ಅಂಗಿಯ ಎಡತೋಳು ಮಣಿಕಟ್ಟಿನವರೆಗೆ ಇಳಿದು ಗುಂಡಿ ಹಾಕಿಕೊಂಡಿರುತ್ತಿತ್ತು. ಬಲತೋಳು ಮಾತ್ರ ಸದಾ ಭುಜದವರೆಗೆ ಮಡಚಿರುತ್ತಿತ್ತು. ಮದುವೆಮನೆಗೆ ಬಂದರೂ ಅದೇ ವೇಷ. ಯಾವಾಗ ಯಾವ ಹಸುವಿನ ಬಾಯಿಗೆ ಕೈ ಹಾಕಬೇಕಾಗುತ್ತದೋ ಯಾರು ಬಲ್ಲರು ಎಂದು ನಗುತ್ತಿದ್ದರು. ಚಿಕ್ಕಬಳ್ಳಾಪುರದ ದನದ ಡಾಕ್ಟರು ಅವರು. ಹುಟ್ಟೂರು ಚಿಂತಾಮಣಿ ಕಡೆ, ಮನೆಮಾತು ತೆಲುಗು. ಜನರ ಜೊತೆ ಕನ್ನಡ, ದನಗಳ ಜೊತೆ ಮಾತ್ರ ತೆಲುಗು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ. "ದನಕ್ಕೆ ಸುಳ್ಳು ಹೇಳ್ಬಾರ್ದು ಕಣಮ್ಮ. ನಮ್ಮಮ್ಮನ ಭಾಷೇಲಿ ನಂಗೆ ಸುಳ್ಳು ಬರಲ್ಲ" ಅಂದಿದ್ದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಗಂಡು ಗೊತ್ತಾಗಿತ್ತು. ಕಳವಾರದ ನಮ್ಮ ಮನೆಯಂಗಳದಲ್ಲಿ ಹೊಲದಿಂದ ಕಿತ್ತು ತಂದ ಆಲೂಗಡ್ಡೆ ರಾಶಿ ಬಿದ್ದಿತ್ತು. ಹಗ್ಗ ಕಿತ್ತುಕೊಂಡು ಬಂದ ಹಸು ರಾಶಿಗೆ ಬಾಯಿ ಹಾಕಿತು. ಅಜ್ಜಿ ಕೋಲು ಹಿಡಿದು ಕೂಗಿದ ಗಾಬರಿಗೆ ಇಡೀ ಗಡ್ಡೆಯನ್ನೇ ನುಂಗಿಬಿಟ್ಟಿತು. ಅದು ಗಂಟಲಲ್ಲಿ ಸಿಕ್ಕಿಕೊಂಡು, ಹಸು ಕತ್ತು ಚಾಚಿ ಜೊಲ್ಲು ಸುರಿಸುತ್ತಾ ನಿಂತಿತು. ಎಡಹೊಟ್ಟೆ ತಮಟೆಯಂತೆ ಉಬ್ಬುತ್ತಾ ಬಂತು. ಚಿಕ್ಕಪ್ಪ ಡಾಕ್ಟರನ್ನು ಕರೆತರುವ ಹೊತ್ತಿಗೆ ಅಪ್ಪ ಬಿದಿರಿನ ಗೊಟ್ಟದಲ್ಲಿ ಹರಳೆಣ್ಣೆ ತುಂಬಿಕೊಂಡು ಅದರ ಬಾಯಿಗೆ ಹುಯ್ಯಲು ಹೊರಟಿದ್ದ.

"ಗೊಟ್ಟ ಕೆಳಗಿಡಯ್ಯಾ!" ಡಾಕ್ಟರು ಸೈಕಲ್ಲಿನಿಂದಲೇ ಕೂಗಿದರು. "ದಾರಿ ಮುಚ್ಚಿರೋವಾಗ ಎಣ್ಣೆ ಹುಯ್ದ್ರೆ ಉಸಿರಿನ ಕಡೆ ಹೋಗ್ತದೆ. ಗಡ್ಡೆ ಕೊಲ್ಲೋಕೆ ಮುಂಚೆ ನೀನೇ ಕೊಲ್ತೀಯ."

ಕತ್ತಿನ ಎಡಬದಿಯಲ್ಲಿ ಬೆರಳಾಡಿಸಿ ಗಡ್ಡೆ ಎಲ್ಲಿದೆ ಎಂದು ಗುರುತು ಹಿಡಿದರು. ಹಲ್ಲುಗಳ ನಡುವೆ ಮರದ ತುಂಡು ಕೊಟ್ಟು, ಅಪ್ಪನ ಕೈಯಿಂದ ಹೊರಗಿನಿಂದ ಗಡ್ಡೆಯನ್ನು ಮೆಲ್ಲಗೆ ಮೇಲಕ್ಕೆ ಒತ್ತಿಸುತ್ತಾ, ತಾವು ಬಾಯೊಳಗೆ ಕೈ ಇಳಿಸಿದರು. "ನಿದಾನಂಗಾ ತಲ್ಲೀ, ನಿದಾನಂಗಾ" ಎನ್ನುತ್ತಲೇ ಗಡ್ಡೆಯನ್ನು ಹೊರಗೆ ತಂದರು. ಹಸು ತೇಗಿದ ತೇಗಿಗೆ ನಾವೆಲ್ಲ ಮೂಗು ಮುಚ್ಚಿಕೊಂಡು ನಕ್ಕೆವು.

ಅದು ಮೆಲುಕು ಹಾಕುವವರೆಗೆ ಹೋಗುವುದಿಲ್ಲವೆಂದು ಡಾಕ್ಟರು ಊಟ ಮಾಡಿ ಪಡಸಾಲೆಯಲ್ಲೇ ಕುಳಿತರು. ಅಲ್ಲಿಂದ ಅಡುಗೆಮನೆ ಕಾಣುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಅಮ್ಮ ಊಟಕ್ಕೆ ಕುಳಿತಳು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುವುದೇ. ಅಮ್ಮ ಅದನ್ನು ಕಡಲೆಕಾಳಿನಷ್ಟು ಚಿವುಟಿ, ಪ್ರತಿ ತುತ್ತಿಗೂ ನೀರು ಕುಡಿದು, ಕತ್ತು ಚಾಚುತ್ತಿದ್ದಳು. ಡಾಕ್ಟರು ಎದ್ದು ಬಾಗಿಲಿಗೆ ಬಂದರು.

"ಎನ್ನಾಳ್ಳ ನುಂಚಿ ತಲ್ಲೀ?" ಎಷ್ಟು ದಿನದಿಂದ ತಾಯೀ ಎಂದು ಕೇಳಿದ್ದು ತೆಲುಗಿನಲ್ಲಿ! ನಮಗೆಲ್ಲ ಹಲ್ಲುನೋವು ಎಂದು ಸಾಗಹಾಕುತ್ತಿದ್ದ ಅಮ್ಮ ತಲೆ ತಗ್ಗಿಸಿ, "ಉಗಾದಿಯಿಂದ" ಅಂದಳು.

ಅಜ್ಜಿ ಒಲೆಯ ಬಳಿಯಿಂದಲೇ, "ಯಾರೋ ಮದ್ದು ಹಾಕವ್ರೆ ಸ್ವಾಮಿ. ಅಮಾಸೆಗೆ ತೆಗಿಸ್ತೀವಿ" ಅಂದಳು. ಆಗದವರು ಊಟದಲ್ಲಿ ಬೆರೆಸಿಕೊಟ್ಟದ್ದು ಒಳಗೆ ಅಂಟಿಕೊಂಡು ಕೂರುತ್ತದೆ, ವಾಂತಿ ಮಾಡಿಸಿ ಅದನ್ನು ತೆಗೆಸಬೇಕು ಎಂಬುದು ನಮ್ಮವರ ನಂಬಿಕೆ.

ಡಾಕ್ಟರು ಅಮ್ಮನ ಕಣ್ಣಿನ ಕೆಳರೆಪ್ಪೆ ನೋಡಿದರು, ಬಿಳಿಚಿದ ಉಗುರು ನೋಡಿದರು. "ಅಜ್ಜೀ, ಇವ್ರಿಗೆ ಯಾರೂ ಮದ್ದು ಹಾಕಿಲ್ಲ. ಇವ್ರಿಗೆ ಮದ್ದು ಬೇಕಾಗಿದೆ. ಇಷ್ಟು ಕಮ್ಮಿ ರಕ್ತದಲ್ಲಿ ವಾಂತಿ ಮಾಡಿಸಿದ್ರೆ ತಡ್ಕೊಳ್ಳಲ್ಲ."

"ದನ ನೋಡೋರು ನಮ್ ಸೊಸೆನೂ ನೋಡ್ತೀರಾ?"

"ಇಲ್ಲಮ್ಮ. ಏನೋ ಅಡ್ಡ ಐತೆ ಅಂತ ಮಾತ್ರ ಗೊತ್ತು. ಅದೇನು ಅಂತ ಬೆಂಗ್ಳೂರಲ್ಲಿ ಹೇಳ್ತಾರೆ. ನಾಳೆನೇ ಹೋಗಣ, ನಾನೂ ಬರ್ತೀನಿ."

ಕ್ಯಾನ್ಸರಿನಂಥ ಕೆಟ್ಟ ಗಡ್ಡೆಯಾಗಿದ್ದರೆ ಎಂಬ ಭಯ ಅಪ್ಪನಿಗೆ. ಬೀಗರ ಕಿವಿಗೆ ಬಿದ್ದರೆ ಎಂಬ ಭಯ ಅಮ್ಮನಿಗೆ. "ಇವಳ ಮದುವೆ ಮುಗೀಲಿ" ಅಂದಳು.

ಡಾಕ್ಟರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಮಗಳ ಮದುವೆ ಊಟ ನೀವು ಉಣ್ಣಬೇಕೋ ಬೇಡ್ವೋ?" ಎಂದು ಕೇಳಿದರು. ಅಪ್ಪ ಎದ್ದು ಹೋಗಿ ಟ್ರಂಕಿನಿಂದ ಒಗೆದ ಪಂಚೆ ತೆಗೆದ.

ನ್ಯಾರೋಗೇಜಿನ ಸಣ್ಣ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ರಜೆ ಹಾಕಿ ಡಾಕ್ಟರೂ ಬಂದರು. ದೊಡ್ಡಾಸ್ಪತ್ರೆಯಲ್ಲಿ ಅಮ್ಮನಿಗೆ ಸುಣ್ಣದ ತಿಳಿಯಂಥದ್ದೇನನ್ನೋ ಕುಡಿಸಿ ಎಕ್ಸ್‌ರೇ ತೆಗೆದರು. ಕೆಟ್ಟ ಗಡ್ಡೆಯಲ್ಲ, ರಕ್ತಹೀನತೆಯಿಂದ ಅನ್ನನಾಳದ ಮೇಲ್ತುದಿಯಲ್ಲಿ ತೆಳುವಾದ ಪೊರೆ ಅಡ್ಡ ಬೆಳೆದಿದೆ ಎಂದರು. ನಳಿಕೆ ಇಳಿಸಿ ದಾರಿಯನ್ನು ಹಿಗ್ಗಿಸಿದರು, ಕಬ್ಬಿಣಾಂಶದ ಮಾತ್ರೆ ಕೊಟ್ಟರು, ಆಗಾಗ ಬಂದು ತೋರಿಸಿ ಎಂದರು. ಅಜ್ಜಿಯ ಅಮಾವಾಸ್ಯೆ ತನ್ನ ಪಾಡಿಗೆ ಬಂದು ಹೋಯಿತು.

ನನ್ನ ಮದುವೆಯಲ್ಲಿ ಅಮ್ಮ ನನ್ನ ಪಕ್ಕ ಕೂತು ಎರಡನೇ ಸಲ ಬಡಿಸಿಕೊಂಡು ಉಂಡಳು. ಎದುರು ಪಂಕ್ತಿಯಲ್ಲಿದ್ದ ಡಾಕ್ಟರು ತಮ್ಮ ಎಲೆ ಬಿಟ್ಟು ಅವಳ ಗಂಟಲನ್ನೇ ನೋಡುತ್ತಿದ್ದರು. "ಇಳೀತಾ?" ಎಂದರು. "ಇಳೀತು" ಎಂದಳು.

ಆಮೇಲೆ ಅವರಿಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಚಿಂತಾಮಣಿಯಲ್ಲಿ ತೀರಿಕೊಂಡರೆಂದು ಸುದ್ದಿ ಬಂದಾಗ ನಾನು ಮಗುವಿನೊಂದಿಗೆ ತವರಿನಲ್ಲಿದ್ದೆ. ಅಮ್ಮ ಊಟಕ್ಕೆ ಕುಳಿತಿದ್ದಳು. ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, "ಇವತ್ತು ಇಳಿಯಲ್ಲ ಕಣೇ" ಎಂದು ಕೈ ತೊಳೆದಳು. ನಾನು ಒತ್ತಾಯ ಮಾಡಲಿಲ್ಲ. ಮಾರನೆಯ ದಿನ ನಾನು ಕೇಳುವ ಮೊದಲೇ ಮುದ್ದೆ ತೊಳಸಿ, ಬಿಸಿ ಇರುವಾಗಲೇ ತಟ್ಟೆ ಎಳೆದುಕೊಂಡು, "ಉಣ್ದೆ ಇದ್ರೆ ಅವ್ರು ಬೈತಾರೆ" ಎಂದು ದೊಡ್ಡ ತುತ್ತು ಮುರಿದಳು.